ಬಾಳೇಶನ ನೀಲಿ ಹಾಳೆ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಾಳೇಶ ಮೂವತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಕತ್ತರಿಸಿ ಬಂದ ಹಾಳೆಗಳನ್ನು ಬೆರಳಿನಿಂದ ಬಿಡಿಸಿ, ಹರಿದದ್ದನ್ನು ತೆಗೆದು, ಕಟ್ಟು ಕಟ್ಟುವುದು. ನಿವೃತ್ತನಾದ ಮೇಲೆ, ತಾನು ಬದುಕಿದ್ದೇನೆಂದು ತೋರಿಸಲು ಪೆನ್ಶನ್ ಆಫೀಸಿಗೆ ಹೋಗಿ ಹೆಬ್ಬೆರಳು ಒತ್ತಿದ. ಯಂತ್ರ ಕೆಂಪು ದೀಪ ತೋರಿಸಿತು. ಹತ್ತೂ ಬೆರಳು ಇಟ್ಟು ನೋಡಿದ. ಗೆರೆಗಳೆಲ್ಲ ಹಾಳೆಗಳಿಗೆ ಉಜ್ಜಿ ಹೋಗಿದ್ದವು.

“ಕಾಕಾ, ಮಷೀನ್ ಪ್ರಕಾರ ನೀವು ಇಲ್ಲ,” ಎಂದಳು ಕ್ಲಾರ್ಕ್ ವಿದ್ಯಾವತಿ. “ಒಂದು ಬಿಳಿ ಹಾಳಿ ಮ್ಯಾಲೆ ‘ನಾನು ಜೀವಂತ ಅದೀನಿ’ ಅಂತ ಬರದು ಸಹಿ ಮಾಡಿ ಕೊಡ್ರಿ. ಮುಂದಿಂದು ನಾ ನೋಡ್ತೇನಿ.”

ಬಾಳೇಶ ಎದುರಿನ ಅಂಗಡಿಯಲ್ಲಿ ಹಾಳೆ ತೆಗೆದುಕೊಂಡ. ಎರಡೂ ಕಡೆ ತಿರುಗಿಸಿ ನೋಡಿ ವಾಪಸು ಕೊಟ್ಟು ಮನೆಗೆ ಬಂದ.

ಅವನ ಹರೆಯದಲ್ಲಿ ಯೂನಿಯನ್ನಿನವರು ಭಾನುವಾರ ಮಾರ್ಕ್ಸ್‌ವಾದದ ಪಾಠ ನಡೆಸುತ್ತಿದ್ದರು. ಚಹಾ ಚೆನ್ನಾಗಿರುತ್ತಿತ್ತೆಂದು ಬಾಳೇಶ ತಪ್ಪದೆ ಹೋಗುತ್ತಿದ್ದ. ತಲೆಯಲ್ಲಿ ಉಳಿದದ್ದು ಇಷ್ಟು: ಗೆದ್ದಲೂ ದುಡಿಯುತ್ತದೆ, ಆದರೆ ಮನುಷ್ಯ ಮೊದಲು ಮನಸ್ಸಿನಲ್ಲಿ ಮಾಡಿಕೊಂಡು ಆಮೇಲೆ ಕೈಯಿಂದ ಮಾಡುತ್ತಾನೆ, ಅದೇ ಅವನ ಸ್ವಭಾವ. ತಾನು ಮಾಡಿದ್ದರಲ್ಲಿ ತಾನೇ ಕಾಣದಿದ್ದರೆ, ಅವನು ದುಡಿದಿದ್ದಾನೆ, ಬದುಕಿಲ್ಲ.

“ಅಂಗಡಿ ಹಾಳ್ಯಾಗ ನಾ ಎಲ್ಲೂ ಕಾಣ್ಲಿಲ್ಲ,” ಎಂದು ಹೆಂಡತಿ ಶಂಕ್ರವ್ವನಿಗೆ ಹೇಳಿದ. “ಅದರ ಮ್ಯಾಲೆ ಜೀವಂತ ಅದೀನಿ ಅಂತ ಬರದ್ರ ಸುಳ್ಳು ಬರದಂಗ ಆಗ್ತೈತಿ.”

“ಹಂಗಾರ ಬಾಯಿಲೆ ಹೇಳಿ ಬರ್ರಿ.”

ಬಾಳೇಶ ತನ್ನ ಹಳೆಯ ಲುಂಗಿಯನ್ನು ಚೂರು ಮಾಡಿ ಮೂರು ದಿನ ನೆನೆಸಿದ. ನಾಲ್ಕನೆಯ ದಿನ ಶಂಕ್ರವ್ವ ಬೇಡಬೇಡವೆಂದರೂ ಮಿಕ್ಸರಿಗೆ ಹಾಕಿ ರುಬ್ಬಿದ. ಜರಡಿಯಲ್ಲಿ ಹರಡಿ, ಕಲ್ಲು ಹೇರಿ ನೀರು ಹಿಂಡಿ, ಬಿಸಿಲಿಗೆ ಇಟ್ಟ. ಗುಂಡಗಿನ, ದಪ್ಪನೆಯ ನೀಲಿ ಹಾಳೆ ಬಂತು. ಶಂಕ್ರವ್ವ ಬೆರಳಿನಿಂದ ಬಡಿದು ನೋಡಿ, “ಹಪ್ಪಳಕ್ಕಿಂತ ಚೊಲೋ ಒಣಗೈತಿ,” ಎಂದಳು. ಬಾಳೇಶ ಅದರ ಮೇಲೆ ‘ನಾನು ಜೀವಂತ ಅದೀನಿ’ ಎಂದು ಬರೆದು ಸಹಿ ಮಾಡಿದ.

ಆಫೀಸಿನಲ್ಲಿ ವಿದ್ಯಾವತಿ ಕೇಳಿದಳು, “ಬಿಳಿ ಹಾಳಿ ಅಂದಿದ್ನಲ್ಲಾ ಕಾಕಾ?”

“ಲುಂಗಿ ನೀಲಿ ಇತ್ತವ್ವಾ.”

ಸೀಲು ಒತ್ತಿದರೆ ಹಾಳೆ ಮಸಿಯನ್ನೆಲ್ಲ ಕುಡಿದುಬಿಟ್ಟಿತು. ಫೈಲಿಗೆ ಹಾಕಲು ತೂತು ಹೊಡೆದರೆ ಪಂಚಿಂಗ್ ಮಷೀನು ಕಚ್ಚಿಕೊಂಡು ಬಿಡಲಿಲ್ಲ. ಇಬ್ಬರೂ ಸೇರಿ ಎಳೆದರು. ಗದ್ದಲ ಕೇಳಿ ಸಾಹೇಬ ಶೇಖಪ್ಪ ಹೊರಗೆ ಬಂದರು.

“ಇದಕ್ಕ ಹಾಳಿ ಅನ್ನಾಕ ಬರೂದಿಲ್ಲ.”

“ಮೂವತ್ತೆರಡು ವರ್ಷ ಹಾಳಿ ನೋಡೇನ್ರಿ ಸಾಹೇಬ್ರ. ಇದು ಹಾಳಿ. ಇದರಾಗ ನಾ ಅದೀನಿ.”

ಶೇಖಪ್ಪ ಕನ್ನಡಕ ಏರಿಸಿ ಹಾಳೆಯ ಎರಡೂ ಕಡೆ ಹುಡುಕಿದರು. “ಎಲ್ಲಿ ಅದೀರಿ?”

ನಡುವೆ ರುಬ್ಬದೆ ಉಳಿದ ಒಂದು ಎಳೆಯ ಮೇಲೆ ಬಾಳೇಶ ಬೆರಳಿಟ್ಟ. “ಇದು ಮೊಣಕಾಲ ಹತ್ರದ್ದು ಇರಬೇಕ್ರಿ.”

ಕೊನೆಗೆ ವಿದ್ಯಾವತಿ ಆ ಹಾಳೆಯ ಫೋಟೋ ತೆಗೆದು, ಬಿಳಿ ಹಾಳೆಯ ಮೇಲೆ ಪ್ರಿಂಟ್ ಮಾಡಿ ಫೈಲಿಗೆ ಸೇರಿಸಿದಳು. ಬಾಳೇಶ ಬದುಕಿರುವುದು ಅಲ್ಲಿಗೆ ಖಾತ್ರಿಯಾಯಿತು. ನೀಲಿ ಹಾಳೆ ಬೇಡವೆಂದು ಅವನ ಕೈಗೇ ಕೊಟ್ಟರು.

“ನನ್ನ ಹೊರಗ ಇಟ್ಟು ನನ್ನ ಫೋಟೋ ಒಳಗ ತೊಗೊಂಡ್ರು,” ಎಂದು ಬಾಳೇಶ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ಶಂಕ್ರವ್ವ ತನ್ನ ಹಸಿರು ಸೀರೆಯ ಹರಿದ ತುಂಡು ತಂದಿಟ್ಟಳು.

“ನಲವತ್ತು ವರ್ಷ ರೊಟ್ಟಿ ಬಡದೇನಿ. ಎಲ್ಲಾ ತಿಂದ್ರಿ, ಒಂದೂ ಉಳೀಲಿಲ್ಲ. ನಂದೂ ಒಂದು ಹಾಳಿ ಇರ್ಲಿ.”

“ಅದರ ಮ್ಯಾಲೆ ಏನು ಬರೀತಿ?”

“ಏನೂ ಇಲ್ಲ. ಇಟ್ಕೋತೇನಿ.”

ಬಾಳೇಶ ಕತ್ತರಿ ತರಲು ಎದ್ದ. “ನೀವು ಕುಂದರ್ರಿ,” ಎಂದು ಅವಳೇ ಸೀರೆ ಹರಿಯತೊಡಗಿದಳು. ಬಾಳೇಶ ಕುಳಿತು, ಅಡುಗೆಗೆ ಬೆಳ್ಳುಳ್ಳಿ ಸುಲಿದ.