ಸಣ್ಣ ಅಕ್ಷರ ಓದುತ್ತಿದ್ದ ಅತ್ತೆ

ನನ್ನ ಅತ್ತೆಯ ಕೈಬೆರಳುಗಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣುಪಾದ, ತುಸು ಗುಲಾಬಿ ಬಣ್ಣದ ಚರ್ಮ. ಕುತ್ತಿಗೆಯಿಂದ ಅಂಗೈವರೆಗೆ ಮೈಬಣ್ಣ ಒಂದೇ ಸಮ ಇರಲಿಲ್ಲ. ಕಪ್ಪು, ಕಂದು, ಬಿಳಿಚು, ನಕಾಶೆಯಲ್ಲಿ ದೇಶಗಳನ್ನು ಬಿಡಿಸಿದ ಹಾಗೆ. ಹೊರಗೆ ಹೊರಟರೆ ಕಪ್ಪು ಕನ್ನಡಕ. ಕಣ್ಣಲ್ಲಿ ನೀರೇ ಬತ್ತಿಹೋಗಿದ್ದರಿಂದ ಗಂಟೆಗೊಂದು ಸಲ ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಬಾಟಲಿ ತೆಗೆದು ಎರಡೆರಡು ಹನಿ ಬಿಟ್ಟುಕೊಳ್ಳುತ್ತಿದ್ದಳು. "ನನಗೆ ಅಳಬೇಕಾದರೂ ಮೆಡಿಕಲ್‌ನಿಂದ ತರಬೇಕು" ಎಂದು ತಾನೇ ನಗುತ್ತಿದ್ದಳು.

ಅತ್ತೆ ಅಪ್ಪನ ತಂಗಿ. ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದಳು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಉಡುಪಿ ಕಡೆಯ ಊರಿನಲ್ಲಿ ಅವಳಿಗೆ ಫಿಟ್ಸ್ ಶುರುವಾಯಿತು. ಮುಂಬಯಿಯಲ್ಲಿ ದೊಡ್ಡ ಡಾಕ್ಟರುಗಳಿದ್ದಾರೆ ಎಂದು ಅಪ್ಪ ಇಲ್ಲಿಗೆ ಕರೆಸಿಕೊಂಡ. ಮಾತ್ರೆ ಕೊಟ್ಟರು, ಫಿಟ್ಸ್ ನಿಂತಿತು. ಮೂರನೇ ವಾರ ಜ್ವರ ಬಂತು, ಗಂಟಲು ಕೆರೆಯಿತು, ಬಾಯಿ ತುಂಬ ಹುಣ್ಣಾಯಿತು. ಊರು ಬಿಟ್ಟು ಬಂದದ್ದಕ್ಕೆ ನೀರು ಹಿಡಿಸಲಿಲ್ಲ ಎಂದುಕೊಂಡರು. ಫಿಟ್ಸ್ ಮಾತ್ರೆ ತಪ್ಪಿಸಬಾರದು ಎಂದು ಹೇಳಿದ್ದರಲ್ಲ, ಅಮ್ಮ ಆ ಹುಣ್ಣಿನ ಬಾಯಿಗೇ ಗಂಜಿಯ ಜೊತೆ ಮಾತ್ರೆ ನುಂಗಿಸಿದಳು. ಎರಡು ದಿನ ಕಳೆಯುವಷ್ಟರಲ್ಲಿ ಮೈಯೆಲ್ಲ ಕೆಂಪಾಗಿ ಬೊಕ್ಕೆ ಎದ್ದು, ಬಿಸಿನೀರಿಗೆ ಹಾಕಿದ ಟೊಮೆಟೊ ಸಿಪ್ಪೆಯ ಹಾಗೆ ಚರ್ಮ ಜಾರತೊಡಗಿತು. ಆಸ್ಪತ್ರೆಯಲ್ಲಿ ಅವಳನ್ನು ಸುಟ್ಟಗಾಯದವರ ವಾರ್ಡಿನಲ್ಲಿ ಇಟ್ಟಿದ್ದರಂತೆ. ನಾನಾಗ ಐದು ವರ್ಷದವಳು. ಅಮ್ಮ ಇವತ್ತಿಗೂ ಆ ಗಂಜಿಯ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಅತ್ತೆ ಬದುಕಿದಳು. ಊರಿನವರು ಅದು ನಾಗದೋಷ ಎಂದು ತೀರ್ಮಾನ ಮಾಡಿದರು. ಹಾವು ಪೊರೆ ಬಿಟ್ಟ ಹಾಗೆ ಚರ್ಮ ಸುಲಿದರೆ ಇನ್ನೇನು? ಆಶ್ಲೇಷ ಬಲಿ ಮಾಡಿಸಿದರು. ಅತ್ತೆ ಪೂಜೆಗೆ ಕೂತಳು, ಕೈಮುಗಿದಳು, ಪ್ರಸಾದ ತೆಗೆದುಕೊಂಡಳು. ಆಮೇಲೆ ಎಲ್ಲರೂ ಊಟಕ್ಕೆ ಕೂತಾಗ ಗಟ್ಟಿಯಾಗಿ ಹೇಳಿದಳಂತೆ: "ನಾಗನಿಗೆ ನಾನು ಹಾಲು ಹಾಕ್ತೇನೆ. ಆದರೆ ಅವನ ಮೇಲೆ ಸುಳ್ಳು ಆರೋಪ ಹಾಕುವುದಿಲ್ಲ. ನನ್ನ ಚರ್ಮ ಸುಲಿದದ್ದು ಮಾತ್ರೆ."

ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹತ್ತಿರ ಅಪ್ಪನದ್ದೊಂದು ಸಣ್ಣ ಹೋಟೆಲು. ಚೇತರಿಸಿಕೊಂಡ ಮೇಲೆ ಅತ್ತೆಯನ್ನು ಅಪ್ಪ ಅಲ್ಲಿಗೆ ಕರೆದುಕೊಂಡು ಹೋದ, ಆದರೆ ಒಳಗೆ ತರಕಾರಿ ಹೆಚ್ಚಲಿಕ್ಕೆ ಕೂರಿಸಿದ. ಗಿರಾಕಿಗಳ ಕಣ್ಣಿಗೆ ಬೀಳುವುದು ಬೇಡ ಎಂದು ಅವನ ಲೆಕ್ಕ. ಉಗುರಿಲ್ಲದ ಬೆರಳಿನಲ್ಲಿ ಬೀನ್ಸಿನ ನಾರು ತೆಗೆಯುವುದು ಎಷ್ಟು ಕಷ್ಟ ಎಂದು ಅವನಿಗೆ ಹೊಳೆದಿರಲಿಲ್ಲ. ಆರು ತಿಂಗಳು ಸಹಿಸಿದ ಅತ್ತೆ ಒಂದು ಬೆಳಿಗ್ಗೆ ಎದ್ದು ಹೊರಗೆ ಬಂದು, ಕಾಫಿ ಕೊಡುವ ಕಟ್ಟೆಯ ಹಿಂದೆ ನಿಂತುಬಿಟ್ಟಳು. ದಿನಾ ಬರುವ ಮಾರ್ಕೆಟ್ಟಿನ ದಲಾಲನೊಬ್ಬ ಅವಳ ಕೈ ನೋಡಿ ಲೋಟ ಹಿಂದಕ್ಕೆ ಸರಿಸಿ, ಈ ಕೈಯಿಂದ ಬೇಡ ಎಂದ.

"ಸೇಠ್, ಯೇ ಚಮ್ಡೀ ನಯೀ ಹೈ" ಎಂದಳು ಅತ್ತೆ. "ಪುರಾನೀ ತೋ ಆಪ್‌ಕೀ ಹೈ."

ನನ್ನದು ಹೊಸ ಚರ್ಮ, ಹಳೇದು ನಿಮ್ಮದೇ! ಹೋಟೆಲಿಗೆ ಹೋಟೆಲೇ ನಕ್ಕಿತು. ದಲಾಲ ಒಂದು ವಾರ ಬರಲಿಲ್ಲ. ಆಮೇಲೆ ಬಂದ, ಅವಳ ಕೈಯಿಂದಲೇ ಕಾಫಿ ಕುಡಿದ. ಅಪ್ಪ ಮತ್ತೆ ಅವಳನ್ನು ಒಳಗೆ ಕಳಿಸಲಿಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಮನೆಗೆ ಯಾವ ಮದ್ದು ಬಂದರೂ ಕನ್ನಡಕ ಹಣೆಗೇರಿಸಿ, ಮಾತ್ರೆಯ ಪಟ್ಟಿಯನ್ನು ಕಣ್ಣಿನ ತೀರಾ ಹತ್ತಿರ ಹಿಡಿದು, ದೊಡ್ಡ ಹೆಸರಿನ ಕೆಳಗೆ ಇರುವೆ ಸಾಲಿನ ಹಾಗಿರುವ ಮದ್ದಿನ ನಿಜವಾದ ಹೆಸರನ್ನು ಓದುವಳು. ನೆಗಡಿ ಮಾತ್ರೆಯನ್ನೂ ಬಿಡುತ್ತಿರಲಿಲ್ಲ. "ದೊಡ್ಡ ಅಕ್ಷರ ಅಂಗಡಿಯವನಿಗೆ, ಸಣ್ಣ ಅಕ್ಷರ ನಮಗೆ" ಎನ್ನುತ್ತಿದ್ದಳು. ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಮದ್ದು ತಂದರೆ ಮೊದಲು ಅವಳಿಗೆ ತೋರಿಸುತ್ತಿದ್ದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದಳು, ಆದರೆ ಡಾಕ್ಟರನ್ನು ಕೇಳದೆ ಬಂದದ್ದಕ್ಕೆ ಬೈಯುತ್ತಿದ್ದಳು.

ಒಮ್ಮೆ ಕಣ್ಣಿನ ತಪಾಸಣೆಗೆ ಹೋದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವಳಿಗೆ ಬಿಡಿಸಿ ಹೇಳಿದರಂತೆ. ಕೆಲವರ ರಕ್ತದಲ್ಲಿ ಒಂದು ಜೀನ್ ಇರುತ್ತದೆ, ಅದಿದ್ದವರಿಗೆ ಆ ಮಾತ್ರೆಯಿಂದ ಹೀಗಾಗುವ ಅಪಾಯ ಹೆಚ್ಚು, ಅದು ತಂದೆತಾಯಿಯಿಂದ ಮಕ್ಕಳಿಗೆ ಬರಬಹುದು, ಮಾತ್ರೆ ಶುರು ಮಾಡುವ ಮೊದಲೇ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ ಎಂದು. ಅತ್ತೆ ಓಡೋಡಿ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಬಾಗಿಲು ಹಾಕಿದ. "ಮನೆಯಲ್ಲಿ ಹೆಣ್ಣು ಮಗು ಉಂಟು. ಇದನ್ನೆಲ್ಲ ಹೊರಗೆ ಹೇಳಬೇಡ."

ಆ ಹೆಣ್ಣು ಮಗುವಿಗೆ, ಎಂದರೆ ನನಗೆ, ಇಪ್ಪತ್ತೊಂದನೇ ವಯಸ್ಸಿನಲ್ಲಿ ಫಿಟ್ಸ್ ಬಂತು. ಗೋರೆಗಾಂವ್‌ನಲ್ಲಿ ನನ್ನ ಮೊದಲ ಕೆಲಸ. ಸ್ಟೇಷನ್ನಿನ ಬ್ರಿಜ್ ಮೇಲೆ ಬಿದ್ದೆನಂತೆ. ಎಚ್ಚರವಾದಾಗ ಯಾರೋ ಹೆಂಗಸು ನನ್ನ ತಲೆಯ ಕೆಳಗೆ ತನ್ನ ಬ್ಯಾಗ್ ಇಟ್ಟಿದ್ದಳು. ಅದು ಎರಡನೇ ಸಲ. ಮೊದಲ ಸಲ ಆಫೀಸಿನಲ್ಲಿ ಆಗಿದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಅಲ್ಲಿಯೇ ಹತ್ತಿರದ ಕ್ಲಿನಿಕ್ಕಿಗೆ ಅಪ್ಪ ಬಂದ. ಡಾಕ್ಟರು ಕೇಳಿದರು, "ಮನೆಯಲ್ಲಿ ಬೇರೆ ಯಾರಿಗಾದರೂ ಫಿಟ್ಸ್, ಮದ್ದಿನ ಅಲರ್ಜಿ?"

"ಯಾರಿಗೂ ಇಲ್ಲ" ಎಂದ ಅಪ್ಪ. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಅತ್ತೆ ಆಗ ಊರಿಗೆ ಮದುವೆಗೆ ಹೋಗಿದ್ದಳು. ಫೋನಿನಲ್ಲಿ ಅವಳಿಗೆ ನನ್ನ ಬಿಪಿ ಲೋ ಆಗಿದೆ ಎಂದಷ್ಟೇ ಹೇಳಿದ್ದೆವು. ಮೂರನೇ ದಿನ ಮಧ್ಯಾಹ್ನ ಬಂದಳು. ಚೀಲ ಕೆಳಗಿಟ್ಟವಳ ಕಣ್ಣು ನೇರ ಫ್ರಿಜ್ಜಿನ ಮೇಲಿದ್ದ ಮಾತ್ರೆಯ ಪಟ್ಟಿಗೇ ಹೋಯಿತು.

"ಇದು ಯಾರದ್ದು?"

"ಅವಳದ್ದು" ಎಂದ ಅಪ್ಪ. "ಶಕ್ತಿಗೆ ಕೊಟ್ಟಿದ್ದಾರೆ."

ಅತ್ತೆ ಕನ್ನಡಕ ಮೇಲೇರಿಸಿ ಓದಿದಳು. "ಅಣ್ಣಾ, ಕಾರ್ಬಮಜೆಪಿನ್ ಶಕ್ತಿಗೆ ಕೊಡುವುದಿಲ್ಲ."

"ನಿನ್ನದು ಬೇರೆ ಇತ್ತು. ಇದು ಬೇರೆ ಕಂಪನಿ."

"ಕಂಪನಿ ಬೇರೆ. ಮದ್ದು ಅದೇ." ನನ್ನ ಕಡೆ ತಿರುಗಿದಳು. "ಎಷ್ಟು ತೆಗೊಂಡೆ?"

"ನಾಲ್ಕು."

"ಬಾಯಿ ತೆರೆ." ಮೊಬೈಲಿನ ಟಾರ್ಚ್ ಹಾಕಿ ನಾಲಿಗೆ, ಕೆನ್ನೆಯ ಒಳಗೆಲ್ಲ ನೋಡಿದಳು. ಹಣೆ ಮುಟ್ಟಿದಳು. "ಚಪ್ಪಲಿ ಹಾಕು."

ಅಪ್ಪನಿಗೆ ಸಿಟ್ಟು ಬಂತು. "ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?"

"ಇಲ್ಲ. ಆದರೆ ಡಾಕ್ಟರಿಗೆ ನನ್ನ ವಿಷಯ ಗೊತ್ತಿಲ್ಲ. ನೀನು ಹೇಳಿದ್ದೀಯಾ?"

ಅಪ್ಪ ಪಟ್ಟಿಯನ್ನು ಅವಳ ಕೈಯಿಂದ ತೆಗೆದು ಮತ್ತೆ ಫ್ರಿಜ್ಜಿನ ಮೇಲಿಟ್ಟ.

"ನಾಚಿಕೆ ಆಗುವುದಾದರೆ ನನ್ನನ್ನು ನೋಡಿ ನಾಚಿಕೊ ಅಣ್ಣ, ನನಗೆ ಅಭ್ಯಾಸ ಉಂಟು. ಅವಳ ಮೈಯನ್ನು ಯಾಕೆ ಪಣಕ್ಕಿಡ್ತೀ?"

ಅಮ್ಮ ಕೊಟ್ಟ ನೀರನ್ನೂ ಕುಡಿಯದೆ ಅತ್ತೆ ಹೊರಟಳು. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಾವಿಬ್ಬರೂ ಲೇಡೀಸ್ ಡಬ್ಬದಲ್ಲಿ, ಹಿಂದಿನಿಂದ ಬಂದ ಅಪ್ಪ ಜನರಲ್‌ನಲ್ಲಿ. ತನ್ನ ಹಳೇ ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಕವರನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಗೋರೆಗಾಂವ್ ಬರುವವರೆಗೂ ನಾಲಿಗೆಯಿಂದ ಬಾಯಿಯೊಳಗೆಲ್ಲ ತಡವಿಕೊಳ್ಳುತ್ತಿದ್ದೆ, ಎಲ್ಲಾದರೂ ಹುಣ್ಣು ಎದ್ದಿದೆಯೋ ಎಂದು.

ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದಳು ರಿಸೆಪ್ಷನ್ನಿನ ಹುಡುಗಿ. ಅತ್ತೆ ಕನ್ನಡಕ ತೆಗೆದು, ಸೀರೆಯ ಸೆರಗು ಸರಿಸಿ, ಎರಡು ಕೈಗಳನ್ನೂ ಅವಳ ಮೇಜಿನ ಮೇಲೆ ಚಾಚಿದಳು. ಹುಡುಗಿ ಎದ್ದು ಹೋಗಿ ಡಾಕ್ಟರಿಗೆ ಹೇಳಿದಳು.

ಡಾಕ್ಟರು ಬೇಸರದಲ್ಲೇ ಮಾತು ಶುರು ಮಾಡಿದರು. "ನೋಡಿ ಅಮ್ಮ, ಈ ಮಾತ್ರೆಯಿಂದ ಹಾಗಾಗುವುದು ತೀರಾ ಅಪರೂಪ."

"ಗೊತ್ತು. ಆ ಅಪರೂಪದವಳೇ ನಿಮ್ಮ ಎದುರು ಕೂತಿದ್ದೇನೆ. ಇವಳು ನನ್ನ ಅಣ್ಣನ ಮಗಳು."

ಅವರು ಕಾಗದಗಳನ್ನು ಒಂದೊಂದಾಗಿ ಓದಿದರು. ಮುಖ ಬದಲಾಯಿತು. ಆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ ಬೇರೆ ಗುಂಪಿನ ಮದ್ದು ಬರೆದರು. ಜ್ವರ, ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕೆಂಪು, ಏನು ಕಂಡರೂ ತಕ್ಷಣ ಬರಬೇಕು ಎಂದರು. ರಕ್ತ ಪರೀಕ್ಷೆಗೆ ಚೀಟಿ ಕೊಟ್ಟರು. ಆಮೇಲೆ ಅಪ್ಪನ ಕಡೆ ನೋಡಿ, "ನಾನು ಆವತ್ತೇ ಕೇಳಿದ್ದೆನಲ್ಲ?" ಎಂದರು.

ಅಣ್ಣನ ಮೇಲೆ ಅಷ್ಟು ಸಿಟ್ಟಿದ್ದರೂ ಅತ್ತೆ ಅಲ್ಲಿಗೇ ಬಿಡಲಿಲ್ಲ. "ಅವನು ಸುಳ್ಳು ಹೇಳಿದ, ತಪ್ಪು. ಆದರೆ ಡಾಕ್ಟ್ರೇ, ನನಗಿಂತ ಮೊದಲು ನಮ್ಮ ಮನೆಯಲ್ಲಿ ಯಾರಿಗೂ ಹೀಗೆ ಆಗಿರಲಿಲ್ಲ. ಆಗ ನನ್ನನ್ನು ಯಾವ ಫ್ಯಾಮಿಲಿ ಹಿಸ್ಟರಿ ಕಾಪಾಡುತ್ತಿತ್ತು? ಮಾತ್ರೆ ಬರೆಯುವ ಮೊದಲು ಟೆಸ್ಟ್ ಬರೆಯಬಹುದಿತ್ತಲ್ಲ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೌದು, ಬರೆಯಬೇಕಿತ್ತು" ಎಂದರು.

ವರದಿ ಬರುವವರೆಗೆ ಅತ್ತೆ ದಿನಾ ಮೂರು ಹೊತ್ತು ನನ್ನ ಬಾಯಿ ತೆರೆಸಿ ನೋಡಿದಳು. ನನಗೇನೂ ಆಗಲಿಲ್ಲ. ವರದಿ ಬಂತು. ಆ ಜೀನ್ ನನ್ನಲ್ಲಿತ್ತು. ಅತ್ತೆ ತನ್ನದನ್ನೂ ಮಾಡಿಸಿದಳು. ಅವಳಲ್ಲೂ ಇತ್ತು. ಎಚ್‌ಎಲ್‌ಎ-ಬಿ, ಹದಿನೈದು ಸೊನ್ನೆ ಎರಡು. ಬಸ್ಸಿನ ನಂಬರು ಹೇಳಿದ ಹಾಗೆ ಆ ಅಂಕಿಯನ್ನು ಹೇಳಿ ಬಾಯಿಪಾಠ ಮಾಡಿದಳು. ಇದ್ದವರಿಗೆಲ್ಲ ಆಗಿಯೇ ತೀರುತ್ತದೆ ಎಂದಲ್ಲ, ಇಲ್ಲದವರಿಗೆ ಆಗುವುದೇ ಇಲ್ಲ ಎಂದೂ ಅಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ಬಿಡದೆ ಸೇರಿಸುತ್ತಿದ್ದಳು. "ಆದರೆ ಗೊತ್ತಿದ್ದೂ ನುಂಗುವುದಕ್ಕೆ ನಮಗೇನು ಹುಚ್ಚಾ?"

ಎರಡೂ ವರದಿಗಳ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕೆಳಗೆ ಬರೆದಳು: ಇದು ನಮ್ಮ ರಕ್ತದಲ್ಲಿ ಉಂಟು, ಯಾರಿಗಾದರೂ ಫಿಟ್ಸ್ ಮದ್ದು ಬರೆದರೆ ಮೊದಲು ಟೆಸ್ಟ್ ಮಾಡಿಸಿ. ದೊಡ್ಡಪ್ಪನ ಮನೆಯಿಂದ ಫೋನ್ ಬಂತು. "ನಮ್ಮ ಹುಡುಗಿಯರಿಗೆ ಗಂಡು ಸಿಗಬಾರದು ಅಂತ ಉಂಟಾ ನಿನಗೆ?" ಎಂದರು. ಅವಳನ್ನು ಗ್ರೂಪಿನಿಂದ ತೆಗೆದುಹಾಕಿದರು. ಮರುದಿನದಿಂದ ಅತ್ತೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು. ಇಟ್ಟವರಿಗೆ ಮತ್ತೆ ಮಾಡಿದಳು. ಬೈದವರಿಗೆ, "ಬೈದು ಮುಗಿಯಿತಾ? ಈಗ ಬರ್ಕೊಳ್ಳಿ" ಎಂದಳು.

ಅಪ್ಪ ಮಾತ್ರ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಎರಡು ವರ್ಷದ ಮೇಲೆ ಅವನ ಮುಖದ ಎಡಗಡೆ ಕರೆಂಟ್ ಹೊಡೆದ ಹಾಗೆ ನೋವು ಶುರುವಾಯಿತು. ಮುಖದ ನರದ ನೋವು ಎಂದು ಬೈಕುಲ್ಲಾದ ಡಾಕ್ಟರು ಮಾತ್ರೆ ಬರೆದರು. ನಾನು ಜೊತೆಗಿದ್ದೆ. ಅಪ್ಪ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದ. ಅದೇ ಮದ್ದು. ಫಿಟ್ಸಿಗೆ ಕೊಡುವುದನ್ನು ಆ ನೋವಿಗೂ ಕೊಡುತ್ತಾರೆಂದು ನಮಗೆ ಗೊತ್ತಿರಲಿಲ್ಲ. ಅಪ್ಪ ಚೀಟಿ ಮೇಜಿನ ಮೇಲಿಟ್ಟ.

"ಇದು ನನಗೆ ಬೇಡ. ಇದರಿಂದ ನನ್ನ ತಂಗಿಯ ಚರ್ಮವೆಲ್ಲ ಸುಲಿದಿತ್ತು" ಎಂದ. ಹೊರಗಿನವರೊಬ್ಬರ ಎದುರು ಅವನು ಆ ಮಾತು ಹೇಳಿದ್ದು ಅದೇ ಮೊದಲು. ಪರೀಕ್ಷೆಯಾಯಿತು. ಅವನಲ್ಲೂ ಇತ್ತು. ಮನೆಗೆ ಬಂದವನು ವರದಿಯನ್ನು ಅತ್ತೆಯ ಕೈಗೆ ಕೊಟ್ಟು, "ನೀನು ಹೇಳಿದ್ದೇ ಸರಿ ಮಾರಾಯ್ತಿ" ಎಂದ. ಅತ್ತೆ, "ಇಷ್ಟು ಹೇಳಲಿಕ್ಕೆ ಮುಖ ನೋಯಬೇಕಾಯ್ತಾ?" ಎಂದು ಕೇಳಿದಳು. ಆಮೇಲೆ ಅವನಿಗೆ ಬಿಸಿ ಬಿಸಿ ಗಂಜಿ ಮಾಡಿಕೊಟ್ಟಳು, ಅಗಿಯಲು ಆಗುತ್ತಿರಲಿಲ್ಲವಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅತ್ತೆ ಹೃದಯಾಘಾತದಿಂದ ತೀರಿಕೊಂಡಳು. ಬೆಳಿಗ್ಗೆ ಹೋಟೆಲಿಗೆ ಹೊರಡಲು ಸೀರೆ ಉಟ್ಟು ನಿಂತಿದ್ದಳು. ನನ್ನ ಮಟ್ಟಿಗೆ ಅವಳ ಋಣ ತೀರಿಸುವ ದಾರಿ ಒಂದೇ, ಅವಳ ಜಗಳವನ್ನು ಮುಂದುವರಿಸುವುದು. ಅದು ನನಗೆ ಸುಲಭವಲ್ಲ. ನಾನು ದನಿ ಎತ್ತಿ ಮಾತಾಡುವವಳಲ್ಲ.

ಈಗ ಗೋರೆಗಾಂವ್‌ನಲ್ಲಿ ನನ್ನ ಮನೆ. ಕಳೆದ ತಿಂಗಳು ಕೆಳಗಿನ ಮನೆಯಾಕೆಯ ಗಂಡ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಫಿಟ್ಸ್ ಬರತೊಡಗಿತು. ಆಕೆ ಮದ್ದಿನ ಚೀಟಿ ಹಿಡಿದು ಮೆಡಿಕಲ್‌ಗೆ ಹೊರಟಿದ್ದಳು. ಮೆಟ್ಟಿಲ ಮೇಲೆ ನಿಲ್ಲಿಸಿ ಓದಿದೆ. ಅದೇ ಮದ್ದು. ಆಕೆಯನ್ನು ಕರೆದುಕೊಂಡು ಅದನ್ನು ಬರೆದ ಡಾಕ್ಟರ ಬಳಿಗೆ ಹೋದೆ. ಟೆಸ್ಟ್ ಬೇಕು ಎಂದೆ. ಅವರು ಅದೇನೂ ಅಗತ್ಯವಿಲ್ಲ ಎಂದರು. ನೀವು ಪೇಶಂಟಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾರೆ ಎಂದು ಅವರು ಗಡಿಯಾರ ನೋಡಿದರು.

ಅವರು ಟೆಸ್ಟಿನ ಚೀಟಿ ಬರೆಯುವವರೆಗೂ ನಾನು ಕುರ್ಚಿಯಿಂದ ಏಳಲಿಲ್ಲ.