ಶೇಂಗಾ ಹಿಂಡಿಗೆ ತಕ್ಕ ಪ್ರಿಂಟರು

ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಲಗ್ನಪತ್ರಿಕೆ ಬಂದರೂ ಅದು ಒಮ್ಮೆ ಮರ್ದಾನಸಾಬರ ಕೈಗೆ ಹೋಗಿಬರಬೇಕು. ಅವರು ಅದನ್ನು ಓದುವುದಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ವರನ ಹೆಸರನ್ನು ತಿಕ್ಕುತ್ತಾರೆ. ಬಣ್ಣ ಬಿಟ್ಟರೆ, "ಈ ಪ್ರೆಸ್ಸಿನಾವಗ ಕೆಲಸ ಬರೂದಿಲ್ಲ" ಎಂದು ವಾಪಸು ಕೊಡುತ್ತಾರೆ. ಲಗ್ನ ಯಾವಾಗ ಎಂದು ಕೇಳುವುದಿಲ್ಲ.

ಗದಗಿನ ಒಂದು ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದವರು ಅವರು. ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾದಾಗ ಅಂಗಡಿಗಳ ಬಿಲ್ ಪುಸ್ತಕಗಳಲ್ಲಿ 'ಜಿ. ಧಾರವಾಡ' ಕಿತ್ತು 'ಜಿ. ಗದಗ' ಎಂದು ಕೂಡಿಸಿದ್ದು ಇವರೇ. ಹೀಗಾಗಿ ಜಿಲ್ಲೆ ಮಾಡಿದ್ದರಲ್ಲಿ ತಮ್ಮದೂ ಒಂದು ಪಾಲಿದೆಯೆಂದು ಅವರು ಇಂದಿಗೂ ನಂಬಿದ್ದಾರೆ.

ಇಂಥವರ ಸೊಸೆ ದಾವಲಬಿಗೆ ಒಂದು ಪ್ರಿಂಟರು ಬೇಕಾಯಿತು.

ದಾವಲಬಿ ಮನೆಯಲ್ಲಿ ಶೇಂಗಾ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಚಟ್ನಿಪುಡಿ, ಕುಟ್ಟಿ ಮಾರುತ್ತಾಳೆ. ಇಷ್ಟು ದಿನ ಓಣಿಯವರೇ ಗಿರಾಕಿಗಳು. ಈಗ ಮುಂಡರಗಿಯ ಕಿರಾಣಿ ಅಂಗಡಿಯ ತಿರಕಪ್ಪನವರು ಫೋನು ಮಾಡಿದ್ದರು: "ಶುಕ್ರವಾರ ನೂರು ಪಾಕೀಟ ತಂದ್ರ ಇಡ್ತೀನಿ. ಲೇಬಲ್ ಇರಬೇಕು ಮತ್ತ. ತಪ್ಪಿದ್ರ ಬ್ಯಾರೇದವರು ಕಾಯಾಕತ್ತಾರ." ಪ್ರೆಸ್ಸಿನವರು ಸಾವಿರ ಪ್ರತಿಗೆ ಕಡಿಮೆ ಮುಟ್ಟುವುದಿಲ್ಲ, ಇವಳಿಗೋ ಪ್ರತಿ ಸಲ ತಾರೀಖು ಬದಲಾಗಬೇಕು. ಫೋನಿನಲ್ಲೇ ಬಣ್ಣದ ಶೇಂಗಾ ಚಿತ್ರ ಹಾಕಿ ಲೇಬಲ್ ತಯಾರಿಸಿಕೊಂಡು, ಕೂಡಿಟ್ಟ ದುಡ್ಡು ಹಿಡಿದು ಸೋಮವಾರವೇ ಹೊರಟಳು. ಮಾವ ಬಾಗಿಲಿಗೆ ಅಡ್ಡ ನಿಂತರು.

"ಛಾಪಖಾನಿ ಸಾಮಾನು ತರಾಕ ನಾ ಇರೂವಾಗ ನೀ ಯಾಕ ಹೋಗ್ತಿ ಬೇಟಿ?"

ಪ್ರಿಂಟರು ಮಾರುವ ಅಂಬರೀಶ ಒಳ್ಳೆಯ ಹುಮ್ಮಸ್ಸಿನಲ್ಲಿದ್ದ. "ಇದು ಇಂಕ್‌ಜೆಟ್ ರೀ ಚಾಚಾ. ಬಾಟ್ಲಿಲೆ ಶಾಯಿ ಹಾಕೂದು. ಫೋಟೋ ಹೆಂಗ ಬರ್ತಾವ ನೋಡ್ರಿ" ಎಂದು ಒಂದು ಗುಲಾಬಿ ಮುದ್ರಿಸಿ ಕೊಟ್ಟ. ಮರ್ದಾನಸಾಬರು ಅದರ ಮೇಲೆ ಹೆಬ್ಬೆರಳು ಎಳೆದರು. ಗುಲಾಬಿಗೆ ಬಾಲ ಬಂತು.

"ಹೂವು ಓಡಾಕತ್ತೈತಲ್ಲೋ ತಮ್ಮಾ!"

ಅಂಬರೀಶ ಕಲರ್ ಲೇಸರ್ ಚಾಲೂ ಮಾಡಿದ. ಬಿಸಿಬಿಸಿ ಹಾಳೆ ಹೊರಬಂತು. ಹೆಬ್ಬೆರಳಿಗೆ ಅದು ಜಗ್ಗಲಿಲ್ಲ. ಮರ್ದಾನಸಾಬರು ಕಿಸೆಯಿಂದ ಭೂತಗನ್ನಡಿ ತೆಗೆದರು.

"ಇದರಾಗ ಶಾಯಿ ಎಲ್ಲೈತಿ?"

"ಶಾಯಿ ಇರೂದಿಲ್ರಿ. ಪುಡಿ ಇರತೈತಿ, ಬಿಸಿ ಮಾಡಿ ಅಂಟಸ್ತೈತಿ."

"ಪುಡಿ ಮಾಡೂದು ನಮ್ಮ ಸೊಸಿ ಕೆಲಸ. ನಾ ಪ್ರಿಂಟರ್ ಕೇಳಾಕ ಬಂದೀನಿ."

ಮಂಗಳವಾರ ಸಣ್ಣ ಬಾಟ್ಲಿಯಲ್ಲಿ ಶೇಂಗಾ ಎಣ್ಣೆ ಹಿಡಿದು ಹೋದರು. ದಾವಲಬಿಯ ಲೇಬಲನ್ನು ಎರಡರಲ್ಲೂ ತೆಗೆಸಿದರು. ಇಂಕ್‌ಜೆಟ್ಟಿನ ಶೇಂಗಾ ಬಾಯಿಗೆ ಹಾಕಿಕೊಳ್ಳುವಂತಿತ್ತು, ಆದರೆ ಮುಟ್ಟಿದರೆ ಬಣ್ಣ ಹರಡಿತು. ಲೇಸರಿನ ಶೇಂಗಾಕ್ಕೆ ನೀರಲ್ಲ, ಎಣ್ಣೆಯಲ್ಲ, ಏನೂ ತಾಗಲಿಲ್ಲ. ನೋಡಲು ಮಾತ್ರ ಹೆಂಚಿನ ಚೂರಿನಂತಿತ್ತು.

"ಅದರ ಬಣ್ಣ, ಇದರ ಗಟ್ಟಿತನ, ಎರಡೂ ಇರೂದು ತೋರ್ಸು."

"ಅಂಥಾದ್ದು ನನ್ನ ಕಡೆ ಇದ್ದಿದ್ರ ನಾ ಯಾಕ ಇಲ್ಲಿ ನೊಣ ಹೊಡಕೋಂತ ಕುಂದರ್ತಿದ್ದೆ ಚಾಚಾ?"

ಬುಧವಾರ ಮತ್ತೆ ಹೋದರು, ಮತ್ತೆ ಬರಿಗೈಲಿ ಬಂದರು. ಮನೆಯಲ್ಲಿ ನೂರು ಪಾಕೀಟುಗಳು ಹೆಸರಿಲ್ಲದೆ ಸಾಲಾಗಿ ಕೂತಿದ್ದವು.

"ಏನಾತ್ರಿ ಮಾವಾರ?"

"ವಿಚಾರ ನಡದೈತಿ. ನಮ್ಮಲ್ಲೆ ಮೂರು ಸಲ ಪ್ರೂಫ್ ನೋಡದ ಪುಸ್ತಕ ಛಾಪಿಗೆ ಬಿಡ್ತಿರಲಿಲ್ಲ."

"ಇದು ಪುಸ್ತಕ ಅಲ್ರಿ, ಹಿಂಡಿ! ನಾಡದು ಶುಕ್ರವಾರ ಐತ್ರಿ!"

ಗುರುವಾರ ಅಂಗಡಿ ತೆರೆಯುವ ಮೊದಲೇ ದಾವಲಬಿ ಅದರ ಕಟ್ಟೆಯ ಮೇಲಿದ್ದಳು. ಮಾವ ಹಿಂದಿನಿಂದ ಬಂದು ಸೇರಿಕೊಂಡರು. ಅವಳು ಕೇಳಿದ್ದು ಒಂದೇ ಮಾತು: "ಅಣ್ಣಾರ, ತಿಂಗಳಗಟ್ಲೆ ಮುಟ್ಟದಿದ್ರೂ ಕೆಡದಂಥಾದ್ದು ಯಾವುದ್ರಿ? ರಮ್ಜಾನದಾಗ ನಾ ಕುಟ್ಟೂದು ಬಿಡ್ತೀನಿ."

ಮೂರು ದಿನದಲ್ಲಿ ಇಂಥ ಪ್ರಶ್ನೆ ಕೇಳಿರದ ಅಂಬರೀಶ ಅವಳಿಗೊಂದು ಕುರ್ಚಿ ಎಳೆದು ಕೊಟ್ಟ. "ಇಂಕ್‌ಜೆಟ್ ಬಾಯಿ ಒಣಗಿ ಕಟ್ಕೋತೈತ್ರಿ ಅಕ್ಕಾರ. ವಾರಕ್ಕೊಮ್ಮಿ ಏನರ ಹೊಡೀಲಾಕ ಬೇಕು. ಲೇಸರ್ ಸುಮ್ನ ಕುಂಡ್ರತೈತಿ. ಆದ್ರ ತುಟ್ಟಿ, ಜಾಗಾನೂ ಭಾಳ ಬೇಕು."

"ಲೇಸರ್ ಕೊಡ್ರಿ."

ಕಡಿಮೆ ಬಿದ್ದದ್ದನ್ನು ಮಾವ ತಾವೇ ತುಂಬಿದರು. ತುಂಬಿ, "ನಾನೂ ಅದನ್ನ ಅನ್ನಾವಿದ್ದೆ" ಎಂದರು.

ಯಂತ್ರ ಮನೆಗೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರೆಸ್ಸು ಮುಚ್ಚಿದ ದಿನ ತಂದು ಟ್ರಂಕಿನಲ್ಲಿಟ್ಟಿದ್ದ ಮಿರಿಮಿರಿ ಹೊಳೆಯುವ ದಪ್ಪ ಕಾಗದ ಅವರಿಗೆ ನೆನಪಾಯಿತು. "ಇಂಥಾ ಕಾಗದ ಈಗ ಸಿಗೂದಿಲ್ಲ" ಎಂದು ತುರುಕಿದರು. ಯಂತ್ರ ಎರಡು ಹಾಳೆ ನುಂಗಿತು, ಮೂರನೆಯದನ್ನು ಹೊಟ್ಟೆಯಲ್ಲೇ ಮುದ್ದೆ ಮಾಡಿಕೊಂಡು ನಿಂತಿತು. ಅಂಬರೀಶ ಬಂದು ಚೂರುಚೂರು ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ದಾವಲಬಿ ಮಾವನ ಮುಖ ನೋಡದೆ ಸಾದಾ ಹಾಳೆ ಹಾಕಿ, ಸಂಜೆಯೊಳಗೆ ಲೇಬಲ್ಲು ತೆಗೆದು, ಕತ್ತರಿಸಿ, ಒಂದೊಂದು ಪಾಕೀಟಿನ ಕೊರಳಿಗೂ ಪಿನ್ನು ಹೊಡೆದಳು.

ಶುಕ್ರವಾರ ಮುಂಡರಗಿಯಲ್ಲಿ ತಿರಕಪ್ಪನವರು ಒಂದು ಪಾಕೀಟು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು.

"ಈ ಶೇಂಗಾ ಚಿತ್ರ ಯಾಕವಾ?"

"ಚಂದ ಕಾಣಲಿ ಅಂತ್ರಿ..."

"ಅದು ಹಿಂಡೀನ ಮುಚ್ಚೇತಲ್ಲ! ಗಿರಾಕಿ ಹಿಂಡಿ ಕೆಂಪು ನೋಡಿ ತಗೋತಾರ, ಚಿತ್ರ ನೋಡಿ ಅಲ್ಲ. ಹೆಸರು, ತೂಕ, ತಾರೀಖು ಕಂಡ್ರ ಆತು. ಬರೇ ಕರಿ ಅಕ್ಷರ ಇದ್ರೂ ನಡೀತಿತ್ತು."

ದಾವಲಬಿ ಒಂದು ಲೇಬಲ್ಲನ್ನು ಮೇಲೆತ್ತಿ ಅದರ ಹಿಂದಿನ ಕೆಂಪು ನೋಡಿದಳು. ಆಮೇಲೆ ಕತ್ತರಿ ಕೇಳಿದಳು. ಅಲ್ಲೇ ನಿಂತು ನೂರು ಲೇಬಲ್ಲುಗಳ ಕೆಳಗಿನ, ಶೇಂಗಾ ಚಿತ್ರವಿದ್ದ ಅರ್ಧವನ್ನು ಕಚಕಚನೆ ಕತ್ತರಿಸಿದಳು. ತಿರಕಪ್ಪನವರು ನೂರನ್ನೂ ಹಲಗೆಗೆ ಏರಿಸಿ, "ಮುಂದಿನ ವಾರ ಮತ್ತ ಇಷ್ಟ ತಾ" ಎಂದರು.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮಾವ ಕಟ್ಟೆಯ ಮೇಲೇ ಕಾಯುತ್ತಿದ್ದರು. ನಾನೂ ಅಲ್ಲೇ ಕೂತಿದ್ದೆ. ಮಾಲು ಹೋಯಿತೋ ಇಲ್ಲವೋ ಅವರು ಕೇಳಲಿಲ್ಲ.

"ಬಣ್ಣಕ್ಕ ಏನಂದ್ರು?"

"ಬಣ್ಣಕ್ಕ ಏನೂ ಹೆಸರಿಡಲಿಲ್ರಿ ಮಾವಾರ."

"ಇಡಾಕ ಏನೈತಿ ಅದರಾಗ!" ಮರ್ದಾನಸಾಬರು ನನ್ನ ಕಡೆ ತಿರುಗಿ ಮೀಸೆ ಸವರಿದರು. "ಮುಂದಿನ ವಾರ ಶೇಂಗಾ ಇನ್ನಷ್ಟ ದೊಡ್ಡದು ಮಾಡೂಣು."

ದಾವಲಬಿ ಒಳಗೆ ಹೋಗಿ, ಶೇಂಗಾ ಹುರಿಯುವ ಬಾಂಡಲಿಯನ್ನು ಓಣಿಗೆಲ್ಲ ಕೇಳುವಂತೆ ಒಲೆಯ ಮೇಲೆ ಕುಕ್ಕಿದಳು.