ಮೂರನೇ ದಿನದ ಹಾಸಿಗೆ ಮತ್ತು ಯಮುನಾ ಅವರ ಆಟೊ

ಶನಿವಾರ, ಇನ್ನೂ ಬೆಳಕು ಹರಿದಿಲ್ಲ. ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನ ಗೇಟಿನೆದುರು ಯಮುನಾ ಆಟೊ ನಿಲ್ಲಿಸಿಕೊಂಡು ಬಸಮ್ಮನವರಿಗೆ ಕಾಯುತ್ತಿದ್ದಾರೆ. ಫೋನು ಹೋಗುತ್ತಿಲ್ಲ. ಸೆಕ್ಯುರಿಟಿಯವನು ಇಂಟರ್‌ಕಾಮ್ ಕಿವಿಗಿಟ್ಟು ಕೈಯಾಡಿಸುತ್ತಾನೆ: ಕರೆಂಟಿಲ್ಲ, ಅದೂ ಕೆಲಸ ಮಾಡುತ್ತಿಲ್ಲ.

ಹಿಂದಿನ ಸೀಟಿನಲ್ಲಿ ಇಬ್ಬರಿದ್ದಾರೆ. ದ್ಯಾಮಣ್ಣ ಮತ್ತು ಲಕ್ಷ್ಮಯ್ಯ. ಬಸಮ್ಮನೂ ಸೇರಿ ಮೂವರೂ ಕಿಡ್ನಿ ರೋಗಿಗಳು, ಹೊಸೂರು ರಸ್ತೆಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗಬೇಕಾದವರು. ತಡವಾದರೆ ದ್ಯಾಮಣ್ಣನ ಸರದಿಯೂ ತಪ್ಪುತ್ತದೆ. ಯಮುನಾ ಇನ್ನೊಮ್ಮೆ ಮೇಲಕ್ಕೆ ನೋಡಿ ಆಟೊ ಹೊರಡಿಸುತ್ತಾರೆ. ಬಸಮ್ಮ ಯಾಕೆ ಬರಲಿಲ್ಲ ಎಂದು ದಾರಿಯಲ್ಲಿ ಯಾರೂ ಕೇಳುವುದಿಲ್ಲ.

ಇವರ ಬಗ್ಗೆ ಬರೆಯಲೆಂದು ಆಟೊದಲ್ಲಿ ಜೊತೆಗೆ ಹೊರಟಿದ್ದ ನನಗೆ ಆ ಮೌನ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಂದು ದ್ಯಾಮಣ್ಣ, ಬಸಮ್ಮ ಇಬ್ಬರದೂ ಸರದಿಯ ದಿನ. ಲಕ್ಷ್ಮಯ್ಯನದಲ್ಲ. ಮೊದಲು ಇವರೆಲ್ಲರಿಗೂ ವಿಮೆಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಸಿಗುತ್ತಿತ್ತು. ವಿಮೆ ತಪ್ಪಿದ ಮೇಲೆ ಈ ಕೇಂದ್ರದಲ್ಲಿ ಸಿಗುವುದು ಎರಡೇ; ಮೂರನೇ ದಿನ ಇಲ್ಲ. ಲಕ್ಷ್ಮಯ್ಯನಿಗೆ ಗುರುವಾರ ಆದರೆ ಮತ್ತೆ ಸೋಮವಾರ. ಬರಬೇಕಾದವರು ಬಾರದೆ ಹೋದರೆ ಆ ಹಾಸಿಗೆಯನ್ನು ಬಾಗಿಲಲ್ಲಿ ಕಾಯುತ್ತಿರುವವರಿಗೆ ಕೊಡುವುದು ಕೇಂದ್ರದ ವಾಡಿಕೆ. ಹಾಗಾಗಿ ಯಮುನಾ ಪ್ರತಿ ಸಲವೂ ಸರದಿಯಿಲ್ಲದ ಒಬ್ಬರನ್ನು ಜೊತೆಗೆ ಕರೆತರುತ್ತಾರೆ.

"ನಾನು ಲಾಟರಿ ಟಿಕೇಟು ಮೇಡಂ," ಎಂದು ಲಕ್ಷ್ಮಯ್ಯ ನಗುತ್ತಾನೆ. ಲೇತ್ ಮೆಷೀನಿನ ಕೆಲಸಗಾರ. ಕಾಲು ಊದಿ ನಿಲ್ಲಲಾಗದೆ ಹೋದ ಮೇಲೆ ಶೆಡ್ಡಿನವರು ಅವನ ಮೆಷೀನಿಗೆ ಬೇರೆಯವರನ್ನು ಹಾಕಿಕೊಂಡರು. ಮೈಯಲ್ಲಿ ನೀರು ಸೇರಬಾರದೆಂದು ಹೆಂಡತಿ ಗೌರಿ ಗಾರ್ಮೆಂಟ್ಸ್‌ಗೆ ಹೋಗುವಾಗ ನೀರಿನ ಕ್ಯಾನನ್ನು ಪಕ್ಕದ ಮನೆಯಲ್ಲಿಟ್ಟು ಹೋಗುತ್ತಾಳೆ. "ಪಕ್ಕದ ಮನೆಯೋರೂ ಈಗ ಪೊಲೀಸ್ರು. ಒಂದು ಲೋಟ ಕೇಳಿದ್ರೆ ಅರ್ಧ ಕೊಡ್ತಾರೆ, ಫೋನ್ ಮಾಡಿ ಗೌರಿಗೆ ಹೇಳ್ತಾರೆ."

ಯಮುನಾ ಆನೇಕಲ್ ಕಡೆಯವರು. ಅತ್ತೆ ಅಂಜಿನಮ್ಮನವರನ್ನು ಇದೇ ಕೇಂದ್ರಕ್ಕೆ ಕರೆತರಲೆಂದೇ ಆಟೊ ಕಲಿತರು. ಬೆಳಿಗ್ಗೆ ರೋಗಿಗಳು, ಆಮೇಲೆ ಶಾಲೆಯ ಮಕ್ಕಳು, ಸಂಜೆ ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ. ಅತ್ತೆ ಈಗಿಲ್ಲ.

"ವಯಸ್ಸಾಗಿ ಓದ್ರು. ಆಸಿಗೆ ಸಿಗ್ದೆ ಅಲ್ಲ. ಅದೊಂದು ಸಮಾಧಾನ," ಎನ್ನುತ್ತಾರೆ.

ಕೇಂದ್ರ ತಲುಪಿದಾಗ ದ್ಯಾಮಣ್ಣ ಚಪ್ಪಲಿ, ಸ್ವೆಟರು ಬಿಚ್ಚಿ ತೂಕ ನೋಡಿಸಿಕೊಂಡು ಒಳಗೆ ಹೋಗುತ್ತಾನೆ. ಕಿಟಕಿಯ ಪಕ್ಕದ ಹಾಸಿಗೆ ಖಾಲಿಯಿದೆ. ಟೆಕ್ನಿಷಿಯನ್ ವಸಂತ್ ಬಾಗಿಲಿಗೆ ಬರುತ್ತಾನೆ.

"ಲಕ್ಷ್ಮಯ್ಯ, ಬಾರಪ್ಪ. ಬಸಮ್ಮನೋರು ಬಂದಿಲ್ಲ."

ಲಕ್ಷ್ಮಯ್ಯ ಬೆಂಚಿನಿಂದ ಏಳುವುದಿಲ್ಲ. ಯಮುನಾ ಮತ್ತೆ ಫೋನು ಒತ್ತುತ್ತಾರೆ.

"ಅಕ್ಕ, ಬೆಡ್ ಬೇಕಾ ಬೇಡ್ವಾ? ಹಿಂದೆ ಇನ್ನೂ ಜನ ಇದಾರೆ."

"ಒಂದೈದು ನಿಮಿಷ ಇರು ವಸಂತ, ಕೇಳಿ ಏಳ್ತೀನಿ."

ಹಾಸಿಗೆ ಯಾಕೆ ಖಾಲಿ ಎಂದು ತಿಳಿಯದೆ ಈ ಆಟೊದವರು ಅದರ ಮೇಲೆ ಮಲಗುವುದಿಲ್ಲ. ಹಿಂದೊಮ್ಮೆ ದ್ಯಾಮಣ್ಣ ಹೀಗೆಯೇ ಸಿಕ್ಕ ಹಾಸಿಗೆಯಲ್ಲಿ ಖುಷಿಯಾಗಿ ಮಲಗಿ ಎದ್ದು ಬಂದಿದ್ದ. ಆ ಹಾಸಿಗೆಯವರು ಅಂದು ನಸುಕಿನಲ್ಲೇ ತೀರಿಕೊಂಡಿದ್ದರೆಂದು ಮಧ್ಯಾಹ್ನ ತಿಳಿಯಿತು. ಅಂದಿನಿಂದ ಈ ನಿಯಮ. ಯಾರು ಮಾಡಿದ್ದೆಂದು ಯಾರೂ ಹೇಳುವುದಿಲ್ಲ.

ಲಕ್ಷ್ಮಯ್ಯ ತನ್ನ ಮೀನಖಂಡವನ್ನು ಬೆರಳಿನಿಂದ ಒತ್ತುತ್ತಾನೆ. ಒತ್ತಿದ ಗುಳಿ ಹಾಗೇ ಉಳಿಯುತ್ತದೆ. ಅವನಿಗೆ ಆ ಹಾಸಿಗೆ ಬೇಕೇ ಬೇಕು. ಆದರೆ ಅವನು ನೋಡುತ್ತಿರುವುದು ಹಾಸಿಗೆಯನ್ನಲ್ಲ, ಯಮುನಾ ಅವರ ಫೋನನ್ನು.

ಅಷ್ಟರಲ್ಲಿ ಹೊರಗೊಂದು ಕಾರು ನಿಲ್ಲುತ್ತದೆ. ಮಗ ಈರೇಶನ ತೋಳು ಹಿಡಿದು ಬಸಮ್ಮ ಇಳಿಯುತ್ತಾರೆ, ಬೈಯುತ್ತಲೇ. ದಾವಣಗೆರೆ ಕಡೆಯವರು, ಮಗನ ಕಂಪನಿಯ ವಿಮೆಯಿಂದ ತಂದೆತಾಯಿಯರನ್ನು ಕೈಬಿಟ್ಟ ಮೇಲೆ ಈ ಕೇಂದ್ರಕ್ಕೆ ಬಂದವರು.

"ಲಿಫ್ಟ್‌ನಾಗ ಸಿಕ್ಕೊಂಡಿದ್ದೆ ಕಣವ್ವ! ಕತ್ತಲಿ, ಫೋನೂ ಇಲ್ಲ, ಗೀನೂ ಇಲ್ಲ. ನೀವು ನನ್ನ ಬಿಟ್ಟು ಬಂದ್ರೇನು?"

"ಅಕ್ಕ, ಇನ್ನೊಂದು ಹತ್ ನಿಮಿಷ ಅಲ್ಲೇ ಇರಬಾರ್ದಿತ್ತಾ? ಹಾಸಿಗೆ ನಂದಾಗ್ತಿತ್ತು," ಎನ್ನುತ್ತಾನೆ ಲಕ್ಷ್ಮಯ್ಯ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಬಸಮ್ಮ ನಗುತ್ತಾರೆ. ಅವನ ಕಾಲು ಕಂಡ ಮೇಲೆ ನಗು ನಿಲ್ಲುತ್ತದೆ. "ವಸಂತಪ್ಪ, ನನ್ನ ಹೊತ್ತಿನಾಗ ಅರ್ಧ ಇವನಿಗೆ ಕೊಡಾಕ ಬರಲ್ಲೇನು?"

"ಹಂಗೆಲ್ಲ ಆಗಲ್ಲ ಅಮ್ಮ," ಎನ್ನುತ್ತಾನೆ ವಸಂತ್, ಮೆಲ್ಲಗೆ.

ಲಕ್ಷ್ಮಯ್ಯ ಆಟೊ ಹತ್ತುತ್ತಾನೆ. ಇನ್ನು ಸೋಮವಾರದವರೆಗೆ ಕಾಯಬೇಕು. ಉಸಿರು ಕಟ್ಟಿದರೆ ಯಾವ ಹೊತ್ತಾದರೂ ಸರಿ, ದೊಡ್ಡಾಸ್ಪತ್ರೆಗೆ ಕರೆದೊಯ್ಯಲು ತನಗೆ ಫೋನು ಮಾಡಬೇಕೆಂದು ಯಮುನಾ ತಿರುತಿರುಗಿ ಹೇಳುತ್ತಾರೆ.

ದೇವರಲ್ಲಿ ಏನು ಬೇಡಿಕೊಳ್ಳುತ್ತೀರಿ ಎಂದು ಯಮುನಾ ಅವರನ್ನು ಕೇಳಿದೆ. ಅವರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿಕೊಳ್ಳುತ್ತಾರೆ.

"ಒಂದು ಆಸಿಗೆ ಖಾಲಿಯಾಗ್ಲಿ ಅಂತ ಎಂಗೆ ಕೇಳ್ಲಿ ಮೇಡಂ? ಅದ್ಕೆ ಕೇಳೋದೇ ಬಿಟ್ಟಿದೀನಿ. ಇವ್ರ ಮೂರ್ನೇ ದಿನ ಇವ್ರ ಎಸರಲ್ಲೇ ಬರ್ಲಿ, ಸಾಕು. ಆಮೇಲೆ ಬಸಮ್ಮೋರು ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರೆ, ನಾವು ಬರೀ ನಗ್ಬೋದು."